ಮೊದಲು ಕಿವಿ, ಆಮೇಲೆ ಬೆರಳು

ಜಪಾನಿನ ಪಿಟೀಲು ಗುರು ಶಿನಿಚಿ ಸುಜುಕಿಯವರ (1898–1998) ‘ಮಾತೃಭಾಷಾ ಪದ್ಧತಿ’ಯಲ್ಲಿ ಎಳೆಯ ಮಕ್ಕಳಿಗೆ ಹಾರ್ಪ್ ವಾದ್ಯವನ್ನೂ ಕಲಿಸುತ್ತಾರೆ. ದೊಡ್ಡ ಹಾರ್ಪಿಗೆ ಸಾಮಾನ್ಯವಾಗಿ 47 ತಂತಿ, 7 ಪೆಡಲು. ಮಗುವಿಗೆ ಪೆಡಲಿಲ್ಲದ ಪುಟ್ಟ ಹಾರ್ಪು. ಕೆಲವು ತಂತಿಗಳಿಗೆ ಕೆಂಪು, ಕಪ್ಪು ಬಣ್ಣವಿರುವುದರಿಂದ ಅಕ್ಷರ ಬಾರದ ಮಗುವೂ ಸ್ವರವನ್ನು ಗುರುತಿಸಬಲ್ಲದು. ಮೊದಲು ಕೇಳುವುದು, ಆಮೇಲೆ ನುಡಿಸುವುದು. ಸ್ವರಲಿಪಿ ಬಹಳ ತಡವಾಗಿ. ತಾಯಿಯೋ ತಂದೆಯೋ ಪಾಠದಲ್ಲಿ ಜೊತೆಗೆ ಕೂರಬೇಕು. ಮನೆಯಲ್ಲಿ ಅವರೇ ಗುರು.

ಪದ್ಧತಿಯ ಬಲ ಇದೇ, ಕುಂದೂ ಇದೇ. ರಾತ್ರಿ ಎಂಟಕ್ಕೆ ಆಫೀಸಿನಿಂದ ಬರುವ ನಮ್ಮಂಥವರ ಮನೆಯಲ್ಲಿ ಆ ಗುರು ಯಾರು? ಎಲ್ಲ ಮಕ್ಕಳಿಗೂ ಒಂದೇ ಹಾಡುಗಳ ಸಾಲು ಎಂಬುದೂ ನಮಗೆ ಹಿಡಿಸದು. ಆದರೂ ಮೂಲತತ್ತ್ವ ನಿಜ: ಪರಊರಿನಲ್ಲಿ ನಮ್ಮ ಮಕ್ಕಳು ಕನ್ನಡ ಕಲಿತದ್ದು ಅಜ್ಜಿಯ ಮಾತು ಕೇಳಿ. ವೀಣೆ ಪಾಠವಿರಲಿ, ಕನ್ನಡ ತರಗತಿಯಿರಲಿ, ಮಗುವನ್ನು ಬಾಗಿಲಲ್ಲಿ ಬಿಟ್ಟು ಬರುವ ನಾವು ವಾರಕ್ಕೊಮ್ಮೆಯಾದರೂ ಒಳಗೆ ಕೂರಬಾರದೇ?