ಇಲ್ಲದ ಊರಿಗೆ ದಾರಿ ಹೇಳುವ ಪುಸ್ತಕಗಳು

ಫ್ಯಾಂಟಸಿ ಕಾದಂಬರಿಗಳ ಬೆನ್ನಿಗೆ ಬರುವ ಸಚಿತ್ರ ಕೈಪಿಡಿಗಳ ಬಗ್ಗೆ ನನಗೆ ಬಹುಕಾಲ ತಾತ್ಸಾರವಿತ್ತು. ಓದುಗ ತಾನೇ ಕಟ್ಟಿಕೊಳ್ಳಬೇಕಾದ ಲೋಕವನ್ನು ಇವು ಚಿತ್ರ ಬರೆದು, ಅಳತೆ ಕೊಟ್ಟು ಮುಗಿಸಿಬಿಡುತ್ತವೆ ಅನ್ನಿಸುತ್ತಿತ್ತು. ಆ ತಾತ್ಸಾರ ಕಳಚಿದ್ದು ಕ್ಯಾರೆನ್ ವಿನ್ ಫೋನ್‌ಸ್ಟಾಡ್ ಅವರ 'ದಿ ಅಟ್ಲಾಸ್ ಆಫ್ ಮಿಡಲ್ ಅರ್ತ್' ಓದಿದಾಗ.

ಟೋಲ್ಕಿನ್ ಕಲ್ಪಿಸಿದ ಜಗತ್ತಿನ ಈ ಭೂಪಟ ಸಂಪುಟ ಬಂದದ್ದು 1981ರಲ್ಲಿ. ಫೋನ್‌ಸ್ಟಾಡ್ ಭೂಗೋಳ ಓದಿ ನಕ್ಷೆ ಬರೆಯಲು ಕಲಿತವರು. ಯಾರು ಯಾವ ದಿನ ಎಷ್ಟು ದೂರ ನಡೆದರು, ರಾತ್ರಿ ಎಲ್ಲಿ ತಂಗಿದರು ಎಂಬುದನ್ನೆಲ್ಲ ಕಾದಂಬರಿಯಿಂದಲೇ ಹೆಕ್ಕಿ ಗುರುತಿಸುತ್ತಾರೆ. ಹಾಗೆ ಅಳೆಯುತ್ತ ಹೋದಾಗ ಒಂದು ಕಡೆ ಕಥೆ ಸಿಕ್ಕಿಬೀಳುತ್ತದೆ. 1937ರ 'ದಿ ಹಾಬಿಟ್'ನಲ್ಲಿ ಟ್ರೋಲ್ ರಾಕ್ಷಸರ ಬೆಂಕಿ ನದಿಯ ಹತ್ತಿರವೇ ಇದೆ. ಕುಳ್ಳರ ತಂಡ ಅದನ್ನು ಕಂಡು ಆ ರಾತ್ರಿಯೇ ಅಲ್ಲಿಗೆ ಹೋಗುತ್ತದೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ನದಿ ದಾಟಿ ಅದೇ ಜಾಗ ಮುಟ್ಟಲು, ಕಾಡನ್ನು ಅಂಗೈಯಂತೆ ಬಲ್ಲ ಸ್ಟ್ರೈಡರ್‌ನ ತಂಡಕ್ಕೆ ಐದಾರು ದಿನ ಹಿಡಿಯುತ್ತದೆ. ದಾರಿ ತಪ್ಪಿದ್ದರು ಎಂದರೂ ತಾಳೆಯಾಗುವುದಿಲ್ಲ. ಫೋನ್‌ಸ್ಟಾಡ್ ಇದನ್ನು ಮುಚ್ಚಿಡುವುದಿಲ್ಲ. ಕಾಗದಕ್ಕೂ ನೆಲಕ್ಕೂ ಹೊಂದದ್ದನ್ನು ಸರ್ವೆಯವರು ಷರಾ ಬರೆದಿಡುವಂತೆ ಬರೆದಿಡುತ್ತಾರೆ. ಟೋಲ್ಕಿನ್ ಮಗ ಕ್ರಿಸ್ಟಫರ್ ತಂದೆಯ ಕರಡುಗಳನ್ನು ಪ್ರಕಟಿಸತೊಡಗಿದ ಮೇಲೆ, ಅವುಗಳನ್ನೂ ನೋಡಿ 1991ರಲ್ಲಿ ನಕ್ಷೆಗಳನ್ನು ತಿದ್ದಿದರು. ಇದು ವಿಮರ್ಶೆಯಲ್ಲದೆ ಮತ್ತೇನು? ಪುರಾಣಕಾಲದ ಇಡೀ ಜಗತ್ತಿನ ನಕ್ಷೆಗಳು ಮಾತ್ರ ನನ್ನನ್ನು ಅಷ್ಟು ಒಪ್ಪಿಸಲಿಲ್ಲ. ಯಾರೂ ನಡೆದು ಅಳೆಯದ ನೆಲದಲ್ಲಿ ಅವರ ಗೆರೆಗೂ ಆಧಾರ ಕಡಿಮೆ.

2014ರ 'ದಿ ವರ್ಲ್ಡ್ ಆಫ್ ಐಸ್ ಅಂಡ್ ಫೈರ್' ಇನ್ನೊಂದು ಬಗೆಯದು. ಜಾರ್ಜ್ ಆರ್. ಆರ್. ಮಾರ್ಟಿನ್, ಎಲಿಯೊ ಗಾರ್ಸಿಯಾ, ಲಿಂಡಾ ಆಂಟನ್ಸನ್ ಸೇರಿ ಬರೆದರೂ, ಒಳಗೆ ಕರ್ತೃ ಯಾಂಡೆಲ್ ಎಂಬ ಮೇಸ್ಟರ್ (ನಮ್ಮ ಮೇಷ್ಟ್ರೇ ಅನ್ನಿ). ದೊರೆ ಬದಲಾದಂತೆಲ್ಲ ಅರ್ಪಣೆಯ ಹೆಸರನ್ನು ಹೊಡೆದು ಹಾಕಿ ಹೊಸದು ಬರೆದ ಆಸಾಮಿ. ರಾಜಧಾನಿ ಬಿದ್ದ ದಿನ ಅರಮನೆಯ ಮಕ್ಕಳನ್ನು ಕೊಂದವರು ಯಾರೆಂದು ಕಾದಂಬರಿ ಓದಿದವರಿಗೆಲ್ಲ ಗೊತ್ತು. ಯಾಂಡೆಲ್ ಮಾತ್ರ ಅವರಿವರು ಹೇಳಿದ್ದನ್ನು ಪೋಣಿಸಿ, ಗೊತ್ತಿಲ್ಲ ಎಂದು ಜಾರಿಕೊಳ್ಳುತ್ತಾನೆ. ಏಕೆಂದರೆ ಅಧಿಕಾರ ಆ ಕೊಲೆ ಮಾಡಿಸಿದ ಮನೆತನದ ಕೈಯಲ್ಲಿದೆ. ಆಸ್ಥಾನದ ಚರಿತ್ರೆ ಹೇಗೆ ತಯಾರಾಗುತ್ತದೆ ಎಂಬುದನ್ನು ಇಷ್ಟು ತಣ್ಣಗೆ ತೋರಿಸಿದ ಕೈಪಿಡಿಯನ್ನು ನಾನು ಬೇರೆ ನೋಡಿಲ್ಲ.

ಆದರೆ ಚಿತ್ರಗಳದ್ದು ಬೇರೆಯೇ ಕಥೆ. ಯಾಂಡೆಲ್ ಕಂಡಿರಲಾರದ ಮುನ್ನೂರು ವರ್ಷ ಹಿಂದಿನ ದಂಡಯಾತ್ರೆಯನ್ನೂ ಪುಟತುಂಬ, ಕಣ್ಣಾರೆ ಕಂಡಂತೆ, ಬಣ್ಣ ತುಂಬಿ ಬಿಡಿಸಿದ್ದಾರೆ. ಬರಹ ಉಳಿಸಿಕೊಂಡ ಅನುಮಾನ ಚಿತ್ರಗಾರರಿಗೆ ತಲುಪಿದಂತಿಲ್ಲ.