ಟೇಬಲ್ ಎಲ್ಲಿ ನಿಲ್ಲಬೇಕು?

ಚೆನ್ನೈನ ಅಡ್ಯಾರ್‌ನಿಂದ ಗಿಂಡಿಯತ್ತ ಹೋಗುವ ಸರ್ದಾರ್ ಪಟೇಲ್ ರಸ್ತೆಯಲ್ಲಿ ಕಲಿಯುವ ಜಾಗವೂ ದುಡಿಯುವ ಜಾಗವೂ ಹತ್ತಿರ ಹತ್ತಿರವೇ ಇವೆ. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಆರಂಭವಾದ ಐಐಟಿ ಮದ್ರಾಸ್ ಈ ರಸ್ತೆಯಲ್ಲಿದೆ. ರಸ್ತೆಯ ಕೊನೆ ದಾಟಿ ತುಸು ಮುಂದೆ ಹೋದರೆ 1958ರ ಗಿಂಡಿ ಕೈಗಾರಿಕಾ ವಸಾಹತು. ಇಂಥ ಕಡೆಗಳಲ್ಲಿ ಓಡುವ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಜಪಾನಿನದಿರಲಿ, 1961ರಲ್ಲಿ ಹುಟ್ಟಿದ ಬೆಂಗಳೂರಿನ ಬಿಎಫ್‌ಡಬ್ಲ್ಯುನದಿರಲಿ, ಪ್ರೋಗ್ರಾಂನ ಕೊನೆಯ ಸಾಲುಗಳು ಮಾತ್ರ ಹೆಚ್ಚುಕಡಿಮೆ ಒಂದೇ: ಮೂರೂ ಅಕ್ಷಗಳನ್ನು ಹೋಮ್‌ಗೆ ಕಳಿಸು, ನಿಲ್ಲಿಸು. ಕಲಿಸುವವರು ಹೀಗೇ ಕಲಿಸುತ್ತಾರೆ, ಕಲಿತವರು ಹೀಗೇ ಬರೆಯುತ್ತಾರೆ. ಈ ರೂಢಿಯನ್ನು ಗಂಭೀರವಾಗಿ ಪ್ರಶ್ನಿಸಬೇಕಾಗಿದೆ.

ಹೋಮ್ ಎಂಬುದು ಯಂತ್ರ ತನ್ನ ಅಳತೆ ಗುರುತಿಸಿಕೊಳ್ಳಲು ಇಟ್ಟುಕೊಂಡ ಜಾಗ. ಆಪರೇಟರ್‌ನ ಅನುಕೂಲ ನೋಡಿ ಆರಿಸಿದ್ದಲ್ಲ. ಸಾಮಾನ್ಯ ವರ್ಟಿಕಲ್ ಯಂತ್ರದಲ್ಲಿ ವೈ ಅಕ್ಷ ಹೋಮ್‌ಗೆ ಹೋದಾಗ ಟೇಬಲ್ ಬಾಗಿಲ ಹತ್ತಿರ ಬರುತ್ತದೆ. ಅದು ಒಳ್ಳೆಯದೇ. ಆದರೆ ಎಕ್ಸ್ ಅಕ್ಷವೂ ಹೋಮ್‌ಗೆ ಹೋದರೆ ಟೇಬಲ್ ಪೂರ್ತಿ ಎಡಕ್ಕೆ ಸರಿಯುತ್ತದೆ. ಎಡತುದಿಯಲ್ಲಿ ಕಟ್ಟಿದ ವೈಸ್ ಬಾಗಿಲ ಚೌಕಟ್ಟಿನ ಮರೆಗೆ ಹೋಗುತ್ತದೆ; ಜಾಬ್ ಬಿಚ್ಚಬೇಕಾದವರು ಸೊಂಟ ತಿರುಗಿಸಿ, ಟೂಲ್‌ನ ಚೂಪು ಅಂಚಿನ ಪಕ್ಕದಲ್ಲೇ ಕೈ ಚಾಚಬೇಕು. ಸಾಲದ್ದಕ್ಕೆ ಟೇಬಲ್‌ನ ಒಂದು ಬದಿ ಸ್ಯಾಡಲ್‌ನಿಂದ ಹೊರಚಾಚಿ ನಿಂತಿರುತ್ತದೆ. ಭಾರದ ಫಿಕ್ಸ್‌ಚರ್ ಹೊತ್ತ ಟೇಬಲ್ಲನ್ನು ಇಡೀ ರಾತ್ರಿ, ಇಡೀ ಭಾನುವಾರ ಹಾಗೆ ಬಿಡಲು ಯಾವ ಕಾರಣವೂ ಇಲ್ಲ. ಎಕ್ಸ್ ಓಟ 800 ಮಿಲಿಮೀಟರ್ ಇದ್ದರೆ ಟೇಬಲ್ ನಡುವಿಗೆ, ಅಂದರೆ ಮೈನಸ್ 400ಕ್ಕೆ ಬರಬೇಕು. ವೈ ಮುಂದೆ, ಝಡ್ ಪೂರ್ತಿ ಮೇಲೆ. ಒಂದೇ ವೈಸ್ ತುದಿಯಲ್ಲಿದ್ದರೆ ಆ ವೈಸ್ ಬಾಗಿಲ ಎದುರು ನಿಲ್ಲುವಂತೆ ಎಕ್ಸ್ ಅಂಕಿ ಬದಲಾಗಬೇಕು.

ಇದರಿಂದ ಸೈಕಲ್ ಟೈಮ್ ಹೆಚ್ಚುತ್ತದೆ ಎನ್ನುವವರಿದ್ದಾರೆ. ನಿಮಿಷಕ್ಕೆ 24 ಮೀಟರ್ ರ್‍ಯಾಪಿಡ್ ವೇಗದಲ್ಲಿ 400 ಮಿಲಿಮೀಟರ್ ದಾಟಲು ಸುಮಾರು ಒಂದು ಸೆಕೆಂಡ್ ಸಾಕು. ಕೈ ಎಟುಕದ ವೈಸ್ ಬಿಚ್ಚುವಾಗ ಪ್ರತಿ ಜಾಬ್‌ಗೂ ಅದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ.

ಜಾಗ ಆರಿಸಿದ ಮೇಲೆ ದಾರಿಯ ಪ್ರಶ್ನೆ. ಹೆಚ್ಚಿನ ಪೆಟ್ಟುಗಳು ಆಗುವುದು ಇಲ್ಲೇ. ಫಾನುಕ್ ಕಂಟ್ರೋಲರ್‌ನಲ್ಲಿ ಜಿ28 ನೇರವಾಗಿ ಹೋಮ್‌ಗೆ ಹೋಗುವುದಿಲ್ಲ; ಸಾಲಿನಲ್ಲಿ ಬರೆದ ಬಿಂದುವನ್ನು ಮೊದಲು ಮುಟ್ಟಿ ಆಮೇಲೆ ಹೋಗುತ್ತದೆ. ಜಿ91 ಇದ್ದರೆ ಸೊನ್ನೆ ಎಂದರೆ ಇದ್ದಲ್ಲೇ ಇರು ಎಂದರ್ಥ, ತೊಂದರೆಯಿಲ್ಲ. ಜಿ90 ಇರುವಾಗ ‘ಜಿ28 ಎಕ್ಸ್0 ವೈ0 ಝಡ್0’ ಎಂದು ಬರೆದರೆ ಟೂಲ್ ಮೊದಲು ಜಾಬ್‌ನ ಸೊನ್ನೆಗೇ ಧಾವಿಸುತ್ತದೆ. ಆ ಸೊನ್ನೆ ಜಾಬ್‌ನ ಮೇಲ್ಮೈಯಲ್ಲಿ, ದಾರಿಯಲ್ಲೊಂದು ಕ್ಲ್ಯಾಂಪ್ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದೇ ಅಕ್ಷರದ ವ್ಯತ್ಯಾಸವೂ ಅಲ್ಲ, ಹಿಂದೆಲ್ಲೋ ಬರೆದ ಒಂದು ಮೋಡ್‌ನ ವ್ಯತ್ಯಾಸ. ಇಷ್ಟು ಸೂಕ್ಷ್ಮವಾದದ್ದನ್ನು ಹೊಸಬರಿಗೆ ಕಂಠಪಾಠ ಮಾಡಿಸುವುದು ತಪ್ಪು.

ಇದಕ್ಕಿಂತ ಸುರಕ್ಷಿತವಾದ ಕ್ರಮ ಎರಡು ಸಾಲಿನದು. ಮೊದಲು ‘ಜಿ91 ಜಿ28 ಝಡ್0’: ಸ್ಪಿಂಡಲ್ ಮಾತ್ರ ಮೇಲೇರುತ್ತದೆ. ಆಮೇಲೆ ‘ಜಿ90 ಜಿ53 ಜಿ0 ಎಕ್ಸ್-400 ವೈ0’. ಜಿ53 ಯಂತ್ರದ ಸ್ವಂತ ಅಳತೆಯಲ್ಲಿ ಚಲಿಸುವುದರಿಂದ ಜಾಬ್‌ನ ಸೊನ್ನೆ ಎಲ್ಲಿದ್ದರೂ ಟೇಬಲ್ ಅದೇ ಜಾಗಕ್ಕೆ ಬರುತ್ತದೆ. ನಡುವಿನ ಜಿ90 ಮರೆಯುವಂತಿಲ್ಲ. ಜಿ91 ಉಳಿದುಬಿಟ್ಟರೆ ಫಾನುಕ್ ಜಿ53 ಆಜ್ಞೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೂರೂ ಅಕ್ಷಗಳನ್ನು ಒಂದೇ ಸಾಲಿನಲ್ಲಿ ಬರೆಯುವುದಂತೂ ಬೇಡವೇ ಬೇಡ. ರ್‍ಯಾಪಿಡ್‌ನಲ್ಲಿ ಅನೇಕ ಯಂತ್ರಗಳ ಅಕ್ಷಗಳು ತಂತಮ್ಮ ವೇಗದಲ್ಲಿ ಓಡುತ್ತವೆ, ದಾರಿ ನೇರ ಗೆರೆಯಾಗಿರುವುದಿಲ್ಲ. ಪ್ರೋಗ್ರಾಂ ಓದುವವರ ಮನಸ್ಸಿನಲ್ಲಿ ಮೂಡುವ ದಾರಿಯೇ ಬೇರೆ, ಟೂಲ್ ಹಿಡಿಯುವ ದಾರಿಯೇ ಬೇರೆ.

ನಾಲ್ಕನೇ ಅಕ್ಷದ ರೋಟರಿ ಟೇಬಲ್ ಕಟ್ಟಿದ್ದರೆ ಇನ್ನೊಂದು ಎಚ್ಚರ ಬೇಕು. ಟೂಲ್ ಬದಲಿಸುವ ತೋಳು ಬೀಸುವ ಜಾಗಕ್ಕೆ ಎತ್ತರದ ಫಿಕ್ಸ್‌ಚರ್ ಅಡ್ಡ ಬರಬಹುದು. ಟೇಬಲ್ ನಿಲ್ಲಿಸುವುದು, ಅಂದರೆ ಪಾರ್ಕಿಂಗ್, ಆಗ ಕೊನೆಯ ಸಾಲಿನ ವಿಷಯವಾಗಿ ಉಳಿಯುವುದಿಲ್ಲ; ಪ್ರತಿ ಟೂಲ್ ಬದಲಾವಣೆಗೂ ಮುಂಚೆ ಟೇಬಲ್ ದೂರ ಸರಿಯಬೇಕು.

ಟೇಬಲ್ ನಿಲ್ಲಬೇಕಾದ ಜಾಗವನ್ನು ಎಲ್ಲಿ ಬರೆದಿಡಬೇಕು? ಫಾನುಕ್‌ನಲ್ಲಿ ಎರಡನೇ ರೆಫರೆನ್ಸ್ ಬಿಂದು 1241ನೇ ಪ್ಯಾರಾಮೀಟರ್‌ನಲ್ಲಿ ಇರುತ್ತದೆ. ಕೈ ಮೊದಲು ಹೋಗುವುದು ಅಲ್ಲಿಗೇ, ಹೋಗಬಾರದ್ದೂ ಅಲ್ಲಿಗೇ. ಎಷ್ಟೋ ಯಂತ್ರಗಳಲ್ಲಿ ಟೂಲ್ ಬದಲಾವಣೆಯ ಎತ್ತರ ಅದನ್ನೇ ನಂಬಿರುತ್ತದೆ. ಮೂರನೆಯದಾದ 1242 ಖಾಲಿಯಿದೆಯೇ ಎಂದು ಯಂತ್ರ ತಯಾರಿಸಿದವರ ಕೈಪಿಡಿ ನೋಡಿ, ‘ಜಿ30 ಪಿ3’ ಎಂದು ಕರೆಯಬಹುದು. ಕಾಲೇಜು ಹುಡುಗರು ಹೆಚ್ಚು ಬಳಸುವ ಲಿನಕ್ಸ್‌ಸಿಎನ್‌ಸಿ, ಜಿಆರ್‌ಬಿಎಲ್‌ಗಳಲ್ಲಿ ಟೇಬಲ್ಲನ್ನು ಬೇಕಾದಲ್ಲಿ ನಿಲ್ಲಿಸಿ ಜಿ28.1 ಎಂದರೆ ಸಾಕು, ಜಾಗ ನೆನಪಿಗೆ ಸೇರುತ್ತದೆ. ಸುಲಭ, ನಿಜ. ಆದರೆ ಇನ್ನೊಬ್ಬರು ಇನ್ನೊಂದು ಕಡೆ ನಿಲ್ಲಿಸಿ ಅದೇ ಆಜ್ಞೆ ಕೊಟ್ಟರೆ ಹಳೆಯ ಜಾಗ ಅಳಿಸಿಹೋಗುತ್ತದೆ. ಹಲವರು ಹಂಚಿಕೊಳ್ಳುವ ಯಂತ್ರಕ್ಕೆ ಎಲ್ಲರ ಕಣ್ಣಿಗೂ ಕಾಣುವಂತೆ ಜಿ53 ಅಂಕಿಗಳನ್ನು ಬರೆದ ಚಿಕ್ಕ ಸಬ್‌ಪ್ರೋಗ್ರಾಂ ಉತ್ತಮ. ಅದನ್ನು ಓದಬಹುದು, ತಿದ್ದಬಹುದು, ಲಾಕ್ ಮಾಡಬಹುದು.

ಆ ಅಂಕಿಗಳೂ ಶಾಶ್ವತವಲ್ಲ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿ ಗಿಂಡಿ, ಈಕ್ಕಾಟುತಾಂಗಲ್‌ನ ಸಣ್ಣ ಕಾರ್ಖಾನೆಗಳಿಗೆ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಹಾಗೆ ನೆನೆದ ಯಂತ್ರದ ಮೋಟಾರ್ ಅಥವಾ ಎನ್‌ಕೋಡರ್ ಬದಲಿಸಿದರೆ ಯಂತ್ರದ ಸೊನ್ನೆಯನ್ನೇ ಹೊಸದಾಗಿ ಕೂರಿಸಬೇಕು. ಎನ್‌ಕೋಡರ್‌ನ ಬ್ಯಾಟರಿ ಸತ್ತರೂ ಅದೇ ಪಾಡು. ಡಾಗ್ ಸ್ವಿಚ್ ಇರುವ ಹಳೆಯ ಯಂತ್ರದಲ್ಲಿ ಸೊನ್ನೆ ಬಾಲ್ ಸ್ಕ್ರೂನ ಒಂದು ಸುತ್ತಿನಷ್ಟು, ಅಂದರೆ ಅನೇಕ ಕಡೆ 10 ಮಿಲಿಮೀಟರ್, ಜಾರಿಬಿಡಬಹುದು. ಹೀಗೆ ರಿಪೇರಿಯಾದ ಯಂತ್ರದಲ್ಲಿ ಅತಿ ಉದ್ದದ ಟೂಲ್ ಹಾಕಿ, ಅತಿ ಎತ್ತರದ ಫಿಕ್ಸ್‌ಚರ್ ಕಟ್ಟಿ, ಸಿಂಗಲ್ ಬ್ಲಾಕ್‌ನಲ್ಲಿ, ರ್‍ಯಾಪಿಡ್ ಓವರ್‌ರೈಡ್ ಶೇ. 25ಕ್ಕೆ ಇಳಿಸಿ ಪಾರ್ಕಿಂಗ್ ಸಬ್‌ಪ್ರೋಗ್ರಾಂ ಒಮ್ಮೆ ಓಡಿಸಿ ನೋಡಬೇಕು. ಆಮೇಲಷ್ಟೇ ಮೊದಲ ಜಾಬ್ ಕಟ್ಟಬೇಕು.