ಪೆದ್ದನ ಕೂಲಿ

ನಮ್ಮ ಕತೆಗಳಲ್ಲಿ ಪೆದ್ದನಿಗೆ ಸ್ಥಾನವಿಲ್ಲವೆಂದು ಯಾರೂ ದೂರುವಂತಿಲ್ಲ. ಕಾಳಿದಾಸನ ಐತಿಹ್ಯದಲ್ಲಿ ಅವನು ತಾನು ಕುಳಿತ ಕೊಂಬೆಯನ್ನೇ ಕಡಿಯುತ್ತಾನೆ. ಪಂಚತಂತ್ರದ ಮೊದಲಲ್ಲಿ ರಾಜಕುಮಾರನ ವೇಷದಲ್ಲಿ ಬರುತ್ತಾನೆ. ಅಜ್ಜಿಯರ ಕತೆಗಳಲ್ಲಂತೂ ಅವನದೇ ರಾಜ್ಯ. ಆದರೆ ಈ ಕತೆಗಳಿಗೆಲ್ಲ ಎರಡೇ ಮುಕ್ತಾಯ. ಒಂದೋ ಕೊನೆಯವರೆಗೂ ನಾವು ಅವನನ್ನು ನೋಡಿ ನಗಬೇಕು. ಇಲ್ಲವೇ ಕಾಳಿಯ ಕೃಪೆಯಿಂದಲೋ ವಿಷ್ಣುಶರ್ಮನ ಪಾಠದಿಂದಲೋ ಅವನು ಜಾಣನಾಗಬೇಕು. ಮಂದನಾಗಿಯೇ ಉಳಿದು, ದಿನದ ಕೆಲಸ ಮುಗಿಸಿ, ಕೂಲಿ ಎಣಿಸಿಕೊಂಡು ಮನೆಗೆ ಹೋದವನ ಕತೆ ನಮ್ಮಲ್ಲಿ ಬಲು ಅಪರೂಪ. ಇದನ್ನು ಸಾಹಿತ್ಯದ ಕೊರತೆಯೆಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಕಣ್ಣಿನ ಕೊರತೆಯೂ ಇದರಲ್ಲಿದೆ.

ಈ ಮಾತಿಗೆ ಅಪವಾದವಾಗಿ 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ವಾಚಕರು ನೆನೆಯಬಹುದು. ಅದರ ಮಂದಣ್ಣನಿಗೆ ಬುದ್ಧಿಯ ನ್ಯೂನತೆ ಏನೂ ಇಲ್ಲ. ಆದರೂ ಲೋಕದ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಗಮಾರ. ವಿಜ್ಞಾನಿ ಕರ್ವಾಲೊ ಒಬ್ಬರೇ ಅವನಲ್ಲಿ ಹುಟ್ಟು ಪ್ರಕೃತಿವೀಕ್ಷಕನನ್ನು ಗುರುತಿಸುತ್ತಾರೆ. ಅವರು ಮಂದಣ್ಣನನ್ನು ತಿದ್ದಲು ಹೋಗುವುದಿಲ್ಲ. ಅವನು ಬಲ್ಲ ವಿಷಯವನ್ನೇ ಅವನಲ್ಲಿ ಕೇಳುತ್ತಾರೆ. ಒಬ್ಬ ಮನುಷ್ಯನ ಯೋಗ್ಯತೆ ಕೇಳುವವನ ಪ್ರಶ್ನೆಯನ್ನೂ ಅವಲಂಬಿಸಿದೆಯೆಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಕೃತಿಗಳು ಕಡಿಮೆ.

ಆದರೂ ಒಂದು ತೊಡಕು ಉಳಿಯುತ್ತದೆ. ಮಂದಣ್ಣ ಗೌರವ ಪಡೆದದ್ದು ಹಾರುವ ಓತಿಯನ್ನು ಕಂಡದ್ದರಿಂದ. ಅಂಥ ಅಸಾಧಾರಣ ಕಣ್ಣಿಲ್ಲದ, ನಿಜವಾಗಿಯೂ ಮಂದಬುದ್ಧಿಯವನಾದ ಸಾಮಾನ್ಯನ ಗತಿಯೇನು? ಕಾಳಿಯ ಕೃಪೆಯ ಜಾಗದಲ್ಲಿ ಇಲ್ಲಿ ಪ್ರತಿಭೆ ಬಂದು ಕುಳಿತಿದೆ, ಅಷ್ಟೆ. ಗೌರವಕ್ಕೆ ಪವಾಡವೊಂದು ಬೇಕೇಬೇಕೆಂಬ ಹಳೆಯ ನಿಯಮ ಹಾಗೆಯೇ ಉಳಿದಿದೆ.

ಈ ಪ್ರಶ್ನೆಯನ್ನು ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಊರಿನ ಅಡಿಕೆ ಅಂಗಳಕ್ಕೆ ಒಯ್ದು ನೋಡಬೇಕು. ಹಿಂದಿನ ತುಂಬು ಸಂಸಾರಗಳಲ್ಲಿ ‘ಅವನಿಗೆ ಅಷ್ಟು ತಿಳಿಯದು’ ಎನ್ನಿಸಿಕೊಂಡ ಒಬ್ಬ ಅಪ್ಪಚ್ಚಿ ಇರುವುದುಂಟು. ದನ ಕಟ್ಟುವುದು, ಸೊಪ್ಪು ಹೊರುವುದು, ಬಿದ್ದ ಅಡಿಕೆ ಹೆಕ್ಕುವುದು, ಮಳೆ ಬಂದರೆ ಓಡಿ ಅಂಗಳದ ಅಡಿಕೆ ಒಟ್ಟುವುದು ಅವನ ಪಾಲು. ಊಟ, ಪಂಚೆ, ಮಲಗಲು ಜಗಲಿ ಅವನಿಗೆ ಸಿಕ್ಕವು. ಸಿಗದೆ ಹೋದದ್ದು ಕೂಲಿ. ಕೆಲಸ ಮಾಡಿದರೂ ಅವನನ್ನು ಕೆಲಸಗಾರನೆಂದು ಯಾರೂ ಎಣಿಸಲಿಲ್ಲ. ನಾವು ಕೊಂಡಾಡುವ ಆ ಆಸರೆಯಲ್ಲಿ ಕರುಣೆ ಇತ್ತು, ಲೆಕ್ಕ ಇರಲಿಲ್ಲ. ಈಗ ಮಕ್ಕಳು ಬೆಂಗಳೂರು ಸೇರಿ, ಅನೇಕ ಮನೆಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ‘ನಮ್ಮ ನಂತರ ಇವನಿಗೆ ಯಾರು?’ ಎಂಬುದು ಅಂಥ ತಾಯಿಯ ನಿದ್ದೆ ಕೆಡಿಸುವ ಪ್ರಶ್ನೆ.

ಇದಕ್ಕೆ ಉತ್ತರವೆಂದು ತರಬೇತಿ ಕೇಂದ್ರಗಳನ್ನು ತೋರಿಸಲಾಗುತ್ತದೆ. ಎಲ್ಲಿ ನೋಡಿದರೂ ಮೇಣದ ಬತ್ತಿ, ಕಾಗದದ ಚೀಲ, ಕಾಲೊರಸು. ಕೊಳ್ಳುವವನು ವಸ್ತುವಿಗಲ್ಲ, ಮರುಕಕ್ಕೆ ಹಣ ಕೊಡುತ್ತಾನೆ. ಊರಿಗೆ ಬೇಕಾದ ಕೆಲಸವನ್ನೇ ಕಲಿಸಿದರೆ ಮಾತೇ ಬೇರೆ. ಸುಲಿದ ಚಾಲಿಯಿಂದ ಬಿಳೆಗೋಟು, ಕೋಕಾ ಬೇರ್ಪಡಿಸುವುದನ್ನೇ ತೆಗೆದುಕೊಳ್ಳಿ. ಬಲ್ಲವರು ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುತ್ತಾರೆ. ಮೂರು ಬುಟ್ಟಿ, ಪ್ರತಿಯೊಂದರ ಮುಂದೆ ಮಾದರಿಗೆ ಒಂದು ಅಡಿಕೆ. ಮೊದಲು ಮಾಡಿ ತೋರಿಸುವುದು, ಆಮೇಲೆ ಕೈ ಹಿಡಿದು ಜೊತೆಯಲ್ಲಿ ಮಾಡುವುದು, ಕೊನೆಗೆ ಮೆಲ್ಲನೆ ಕೈ ಬಿಡುವುದು. ತರಬೇತಿಗಾರ ಕೆಲಸದ ಜಾಗದಲ್ಲೇ ಕೆಲವು ವಾರ ಜೊತೆಗಿರುತ್ತಾನೆ. ಕರ್ವಾಲೊ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೆ?

ಇದು ಬರಿಯ ಕನಸಲ್ಲ. ಹುಬ್ಬಳ್ಳಿಯಲ್ಲಿ 2017ರಲ್ಲಿ ಅಲೀನಾ ಆಲಂ ಎಂಬ ತರುಣಿ ಆರಂಭಿಸಿದ ‘ಮಿಟ್ಟಿ ಕೆಫೆ’ಯಲ್ಲಿ ಚಹಾ ತಿಂಡಿ ಮಾಡಿ ಬಡಿಸುವವರು ಅಂಗವಿಕಲರು, ಬುದ್ಧಿಯ ನ್ಯೂನತೆಯುಳ್ಳವರೂ ಅವರಲ್ಲಿದ್ದಾರೆ. 2023ರಲ್ಲಿ ಅದರ ಶಾಖೆ ದೆಹಲಿಯ ಸುಪ್ರೀಂ ಕೋರ್ಟಿನ ಆವರಣವನ್ನೂ ಸೇರಿತು. ಚಹಾ ಚೆನ್ನಾಗಿದ್ದರೆ ಗಿರಾಕಿ ಮತ್ತೆ ಬರುತ್ತಾನೆ. ಮರುಕಕ್ಕೆ ಅಲ್ಲಿ ಕೆಲಸವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ 4ನ್ನು ಮೀಸಲಿಟ್ಟು, ಅದರಲ್ಲಿ 1ನ್ನು ಆಟಿಸಂ, ಬೌದ್ಧಿಕ ನ್ಯೂನತೆ, ಮಾನಸಿಕ ಕಾಯಿಲೆ ಮೊದಲಾದವುಗಳ ಪಾಲಿಗೆ ಬಿಟ್ಟಿದೆ. ಒಳ್ಳೆಯದೇ. ಆದರೆ ವಜ್ರಳ್ಳಿಯ ತಾಯಿಗೆ ಕಚೇರಿ ದೂರ, ಅಂಗಳ ಹತ್ತಿರ.

ಅಡಿಕೆಗೆ ನ್ಯಾಯವಾದ ಬೆಲೆ ಸಿಗಲೆಂದು ಈ ಸೀಮೆಯವರು 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದವರು. ಕಾಯಿಗೆ ಬೆಲೆ ಕಟ್ಟಲು ಬಲ್ಲ ಜನ, ಅದನ್ನು ಆರಿಸುವ ನಿಧಾನದ ಕೈಗೂ ಬೆಲೆ ಕಟ್ಟಬಲ್ಲರು. ನಮ್ಮ ಲೇಖಕರಲ್ಲಿಯೂ ಒಂದು ಬಿನ್ನಹವಿದೆ. ಪೆದ್ದನನ್ನು ಜಾಣನನ್ನಾಗಿ ಮಾಡುವ ಶ್ರಮ ಇನ್ನು ಸಾಕು. ಸಂಜೆ ಕೂಲಿಯನ್ನು ಎರಡು ಸಲ ಎಣಿಸಿ, ಅವ್ವನ ಕೈಗೆ ಕೊಡುವ ಆ ಗಳಿಗೆಯನ್ನು ಯಾರಾದರೂ ಬರೆಯಲಿ. ಅಲ್ಲಿ ನಗುವಿಗೂ ಪವಾಡಕ್ಕೂ ಎಡೆಯಿಲ್ಲ. ಕತೆಗೆ ಬೇಕಾದಷ್ಟು ಎಡೆಯಿದೆ.